ತಮ್ಮನ ಜಾಯ್‌ಸ್ಟಿಕ್ಕಿಗೆ ನಾನು ಮಾಡಿದ್ದು

ತಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಒಂದು ಮಂಗಳವಾರ ಬೆಳಿಗ್ಗೆ. ಔಷಧಿ ಅಂಗಡಿಯವರು ರಿಪೇರಿಗೆ ಕೊಟ್ಟಿದ್ದ ಸಣ್ಣ ತಕ್ಕಡಿಯನ್ನು ಮುಂದಿಟ್ಟುಕೊಂಡು ಕೂತಿದ್ದೆ. ಫೋನು ಹೊಡೆದುಕೊಂಡಿತು. ತಮ್ಮನ ಮಗಳು.

"ದೊಡ್ಡಪ್ಪಾ," ಎಂದಳು. "ಅಪ್ಪ ಏಳ್ತಾ ಇಲ್ಲ. ಡಾಕ್ಟರು ಬಂದು ನೋಡಿದ್ರು. ಹೋಗ್ಬಿಟ್ಟಿದಾರಂತೆ."

ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು. ನಾನೂ ಯಾರದೋ ಮನೆಯ ಸುದ್ದಿ ಕೇಳುವವನ ಹಾಗೆ "ಹೌದಾ" ಎಂದೆ. ದಿನಕ್ಕೆರಡು ಸಲ ಕಣ್ಣು ಮುಚ್ಚಿ ಭಗವಂತನನ್ನು ನೆನೆಯುವವನು ನಾನು. ಆ ಗಳಿಗೆಯಲ್ಲಿ ಅವನ ಹೆಸರು ಕೂಡ ನಾಲಿಗೆಗೆ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಎರಡು ಬೀದಿ ದಾಟಿದ ಮೇಲೆ ನೋಡಿದರೆ ಮನೆಗೆ ಬೀಗ ಹಾಕಿರಲಿಲ್ಲ. ಹಿಂತಿರುಗಲಿಲ್ಲ.

ಅವನನ್ನು ಮಂಚದ ಮೇಲೆ ನೇರವಾಗಿ ಮಲಗಿಸಿದ್ದರು. ಐದು ವರ್ಷದಿಂದ ಎಚ್ಚರವಿದ್ದಾಗಲೆಲ್ಲ ನಡುಗುತ್ತಲೇ ಇದ್ದ ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಇತ್ತು. ಅದನ್ನು ನೋಡಿ ನನಗೆ ಅಳು ಬರಲಿಲ್ಲ, ಭಯವಾಯಿತು. ಆ ಕೈ ಒಮ್ಮೆ ನಿಲ್ಲಲಿ ದೇವರೇ ಎಂದು ನಾನೇ ಎಷ್ಟು ಬಾರಿ ಬೇಡಿಕೊಂಡಿದ್ದೆ.

ನನ್ನ ತಮ್ಮ ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದ. ಹಡಗುಗಳಿಂದ ಕಂಟೇನರು ಎತ್ತಿ ದಡದ ಲಾರಿಗಳ ಮೇಲೆ ಇಳಿಸುವ ದೊಡ್ಡ ಕ್ರೇನು. ಹತ್ತಂತಸ್ತಿನ ಎತ್ತರದಲ್ಲಿ ಗಾಜಿನ ಗೂಡಿನೊಳಗೆ ಕೂತು, ಎರಡು ಕೈಗೆ ಎರಡು ಕೋಲು ಹಿಡಿದು ಮೂವತ್ತೊಂದು ವರ್ಷ ದುಡಿದ. ಅಲ್ಲಿ ಎಲ್ಲರೂ ಅವನನ್ನು ಹದ್ದು ಎಂದೇ ಕರೆಯುತ್ತಿದ್ದರು. ಅವನು ಇಳಿಸಿದ ಕಂಟೇನರು ಲಾರಿಗೆ ತಾಗಿದ ಸದ್ದು ಚಾಲಕನಿಗೂ ಕೇಳುತ್ತಿರಲಿಲ್ಲವಂತೆ. "ಇಳಿಸಿ ಆಯ್ತು, ಇನ್ನು ಹೊರಡಪ್ಪ" ಎಂದು ಮೇಲಿನಿಂದ ಇವನೇ ಮೈಕಿನಲ್ಲಿ ಕೂಗಿ ಹೇಳಬೇಕಾಗುತ್ತಿತ್ತು ಎಂದು ಹೇಳಿಕೊಂಡು ನಗುತ್ತಿದ್ದ.

ಕೈನಡುಕ ಶುರುವಾದದ್ದು ಅವನಿಗೇ ಮೊದಲು ಗೊತ್ತಾಯಿತೋ ಡಾಕ್ಟರಿಗೋ ತಿಳಿಯದು. ಒಂದು ತಪಾಸಣೆಯ ಮರುದಿನ ಅವನನ್ನು ಮೇಲೆ ಹತ್ತಿಸಲಿಲ್ಲ, ಕೆಳಗಿನ ಕಚೇರಿಯಲ್ಲಿ ಚೀಟಿ ನೋಡುವ ಕೆಲಸಕ್ಕೆ ಕೂರಿಸಿದರು. ಹಿಂದಿನ ದಿನ ಇಳಿಸಿದ್ದೇ ಕೊನೆಯ ಹೊರೆ ಎಂದು ಅವನಿಗೆ ಗೊತ್ತಿರಲಿಲ್ಲ. ಅದು ಅವನನ್ನು ಕೊನೆಯವರೆಗೂ ಕೊರೆಯಿತು. "ಗೊತ್ತಿದ್ದಿದ್ರೆ ನೆನಪಿಟ್ಕೊಂಡು ಇಳಿಸ್ತಿದ್ದೆ ಅಣ್ಣ. ಯಾವ ಬಣ್ಣದ ಡಬ್ಬ ಅಂತಾನೂ ನೆನಪಿಲ್ಲ ನೋಡು" ಎನ್ನುತ್ತಿದ್ದ.

ನಿವೃತ್ತನಾದ ಮೇಲೆ ಅವನು ಮಗಳ ಜೊತೆಗಿದ್ದ. ಅವಳು ಬಸ್ಸು ಓಡಿಸುತ್ತಾಳೆ. ಒಂದು ದಿನ ಅವಳು ಕಂಪ್ಯೂಟರಿನಲ್ಲಿ ಬಾಹ್ಯಾಕಾಶದ ಆಟವೊಂದನ್ನು ಹಾಕಿ ತೋರಿಸಿದಳು. ಹಡಗು ಹತ್ತಿ ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣಕ್ಕೆ ಹೋಗುವ ಆಟ. ಯುದ್ಧ ಬೇಕಾದವರಿಗೆ ಯುದ್ಧವಿದೆ, ವ್ಯಾಪಾರ ಬೇಕಾದವರಿಗೆ ವ್ಯಾಪಾರವಿದೆ. ಅಲ್ಲಿ ಸಾಮಾನು ಸಾಗಿಸುವ ಭಾರೀ ಹಡಗನ್ನು ಕಂಡದ್ದೇ ತಡ, ನನಗೆ ಫೋನು ಮಾಡಿದ.

"ಅಣ್ಣ, ನಿಲ್ದಾಣದ ಬಾಗಿಲೊಳಗೆ ಹಡಗು ನುಗ್ಸಿ, ಒಳಗಿನ ಕಟ್ಟೆ ಮೇಲೆ ಇಳಿಸ್ಬೇಕು. ಯಂತ್ರಕ್ಕೆ ಹೇಳಿದ್ರೆ ತಾನೇ ಇಳ್ಸುತ್ತೆ. ನನಗೆ ಅದು ಬೇಡ. ಒಂದೇ ಒಂದು ಸಲ ನನ್ನ ಕೈಯಾರೆ ಇಳಿಸ್ಬೇಕು."

"ಈ ವಯಸ್ಸಿಗೆ ಆಟದ ಸಾಮಾನು ಬೇಕೇನೋ? ಕೂತು ನಾಲ್ಕು ಸಲ ದೇವರ ಹೆಸರು ಹೇಳಬಾರದೇ?"

"ನೀನು ಹೇಳ್ತಿದ್ದೀಯಲ್ಲ, ಮನೆಗೊಬ್ರು ಸಾಕು. ನಾಳೆ ಬಾ, ಹಡಗು ತಿರುಗಿಸೋ ಕೋಲು, ಜಾಯ್‌ಸ್ಟಿಕ್ಕು, ತರೋಕೆ ಹೋಗೋಣ. ತೂಕ ಅಳತೆ ಗೊತ್ತಿರೋನು ನೀನು."

ಬೈಯುತ್ತಲೇ ಹೋದೆ. ತಕ್ಕಡಿ ರಿಪೇರಿ ನನ್ನ ಕಸುಬು. ಯಾವ ಯಂತ್ರ ತಂದರೂ ನನ್ನ ಕೈಗೆ ಕೊಟ್ಟು ತೋರಿಸುವುದು ನಮ್ಮ ಮನೆತನದಲ್ಲಿ ಮೊದಲಿನಿಂದ ನಡೆದುಬಂದದ್ದು.

ಕಂಪ್ಯೂಟರು ಅಂಗಡಿಯ ಒಡತಿ ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದಳು. "ಮೊಮ್ಮಗನಿಗಾ ಯಜಮಾನ್ರೆ?" ಎಂದಳು.

"ನನಗೇ ತಾಯಿ. ಮೊಮ್ಮಗ ಹುಟ್ಟಿದ್ರೆ ನನ್ನ ಕೇಳ್ಕೊಂಡು ಆಡ್ಲಿ. ಕನ್ನಡಕ ಹಣೆ ಮೇಲಿದೆ" ಎಂದ ತಮ್ಮ.

ಅವಳು ನಗುತ್ತ ಮೂರು ಜಾಯ್‌ಸ್ಟಿಕ್ಕುಗಳನ್ನು ಮುಂದಿಟ್ಟಳು. ಮೊದಲನೆಯದು ಹಗುರ, ಬುಡದಲ್ಲಿ ಮೇಜಿಗೆ ಕಚ್ಚಿಕೊಳ್ಳುವ ರಬ್ಬರಿನ ಬಟ್ಟಲುಗಳಿದ್ದವು. ಎರಡನೆಯದರ ಮೈತುಂಬ ಗುಂಡಿಗಳು. ತಮ್ಮ ಅದನ್ನು ತಿರುಗಿಸಿ ನೋಡಿ, "ಇದೇನಮ್ಮ, ಹಡಗು ಓಡಿಸೋದೋ, ಅರ್ಜಿ ಟೈಪು ಮಾಡೋದೋ?" ಎಂದು ಪಕ್ಕಕ್ಕಿಟ್ಟ. ಆಮೇಲೆ ಒಂದೊಂದನ್ನೇ ಕಣ್ಣು ಮುಚ್ಚಿ ಪರೀಕ್ಷಿಸಿದ. ಹಿಡಿಯನ್ನು ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಮಾತ್ರ ಹಿಡಿದು, ನಡುವಿನಿಂದ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಆಡಿಸುತ್ತಿದ್ದ. ಕೈ ನಡುಗುತ್ತಿತ್ತು, ಆದರೂ ಆ ನಡುಕದ ಆಚೆಯಿಂದ ಅವನು ಏನನ್ನೋ ಆಲಿಸುತ್ತಿದ್ದ.

"ಇದರ ನಡುವಲ್ಲಿ ಸಡಿಲ ಇದೆ ಅಣ್ಣ. ಕೈ ಮೆಲ್ಲಗೆ ಹೇಳಿದ್ದು ಇದಕ್ಕೆ ಕೇಳ್ಸೋಲ್ಲ."

"ಅಷ್ಟು ಸಣ್ಣದೆಲ್ಲ ಯಾರಿಗೆ ಗೊತ್ತಾಗುತ್ತೆ ಯಜಮಾನ್ರೆ?" ಎಂದಳು ಒಡತಿ.

"ತಲೆ ಮೇಲೆ ಮೂವತ್ತು ಟನ್ನು ತೂಗಾಡ್ತಿರುವಾಗ ಕೆಳಗೆ ನಿಂತಿರ್ತಾನಲ್ಲ ತಾಯಿ, ಅವನಿಗೆ ಗೊತ್ತಾಗುತ್ತೆ."

ಮೂರನೆಯದನ್ನು ಆರಿಸಿದ. ನೋಡಲು ಸಪ್ಪೆ, ಕಪ್ಪು ಬಣ್ಣ. ಒಳಗೆ ಉಜ್ಜುವ ಭಾಗವಿಲ್ಲ, ಆಯಸ್ಕಾಂತದಿಂದ ಅಳೆಯುತ್ತದೆ, ಹಾಗಾಗಿ ನಡುವಿನಲ್ಲಿ ಎಳ್ಳಷ್ಟೂ ಸಡಿಲವಿಲ್ಲ ಎಂದು ಒಡತಿ ವಿವರಿಸಿದಳು. ಹಿಡಿಯನ್ನು ತಿರುಚಿದರೆ ಹಡಗಿನ ಮೂತಿ ಪಕ್ಕಕ್ಕೆ ತಿರುಗುತ್ತಿತ್ತು. ವೇಗಕ್ಕೆ ಎಡಗೈಯಲ್ಲಿ ಹಿಡಿಯುವ ಬೇರೆ ಸನ್ನೆಕೋಲಿತ್ತು. "ಇದು ನಿಯತ್ತಿನದು" ಎಂದು ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂತ.

ಅದನ್ನು ಕೂಡಿಸಲು ಮೂರು ದಿನ ಹಿಡಿಯಿತು. ಮೇಜಿನ ಮೇಲಿಡೋಣವೆಂದರೆ ಕೇಳಲಿಲ್ಲ. "ಮೇಜಿನ ಮೇಲಿಟ್ರೆ ಮೊಣಕೈ ಗಾಳೀಲಿ ನೇತಾಡುತ್ತೆ. ಗಂಟೆ ಕಳೆಯೋದ್ರಲ್ಲಿ ಭುಜ ಬಿದ್ದುಹೋಗುತ್ತೆ" ಎಂದ. ಹಳೆಯ ಕುರ್ಚಿಯ ಎರಡೂ ತೋಳುಗಳಿಗೆ ಹಲಗೆ ಕೊಯ್ದು ಬೋಲ್ಟು ಹಾಕಿದೆ. ಬಲಗಡೆ ಕೋಲು, ಎಡಗಡೆ ವೇಗದ ಸನ್ನೆಕೋಲು, ಕ್ರೇನಿನ ಗೂಡಿನಲ್ಲಿ ಇದ್ದ ಹಾಗೆಯೇ. ಹಲಗೆ ಒಂದು ಬೆರಳು ಎತ್ತರವಾಯಿತೆಂದು ಎರಡು ಸಲ ಬಿಚ್ಚಿಸಿದ. ಕೋಲನ್ನು ಹಿಂದಕ್ಕೆಳೆದರೆ ಮೂತಿ ಮೇಲೇಳಬೇಕು, ಪಕ್ಕಕ್ಕೆ ಬಾಗಿಸಿದರೆ ಹಡಗು ಉರುಳಬೇಕು, ಹೆಬ್ಬೆರಳಿನ ಸಣ್ಣ ಗುಂಡಿಯಿಂದ ಹಡಗು ಇದ್ದ ಹಾಗೇ ಪಕ್ಕಕ್ಕೆ ಜಾರಬೇಕು ಎಂದು ಒಂದೊಂದನ್ನೂ ಪರದೆಯ ಪಟ್ಟಿಯಲ್ಲಿ ಗುರುತು ಹಾಕಿದೆವು. ಟ್ರಿಗರಿಗೆ ಏನು ಕೆಲಸ ಕೊಡೋಣ ಎಂದಾಗ, "ಗುಂಡು ಹೊಡೆಯೋದು ಯಾರಿಗೆ ಬೇಕು? ಹಡಗಿನ ಕಾಲು ಇಳಿಸೋ ಕೆಲಸ ಕೊಡು" ಎಂದ. ಆ ಮೂರು ದಿನ ನಾವಿಬ್ಬರೂ ನಕ್ಕಷ್ಟು ಚಿಕ್ಕಂದಿನಲ್ಲೂ ನಕ್ಕಿರಲಾರೆವು.

ಮೂರನೆಯ ದಿನ ಮಧ್ಯಾಹ್ನ ನಾನು ಮಾಡಬಾರದ್ದನ್ನು ಮಾಡಿದೆ.

ಕೋಲು ಸರಿಯಾಗಿದೆಯೇ ಎಂದು ನೋಡಲು ಪರದೆಯ ಮೇಲೆ ಒಂದು ಚೌಕವಿರುತ್ತದೆ. ಚೌಕದ ನಡುವೆ ಒಂದು ಪುಟ್ಟ ಶಿಲುಬೆ ಗುರುತು. ಕೋಲು ಎಷ್ಟು ಸರಿಯುತ್ತದೋ ಗುರುತೂ ಅಷ್ಟು ಸರಿಯುತ್ತದೆ. ತಮ್ಮ ಕೋಲು ಹಿಡಿದೊಡನೆ ಆ ಗುರುತು ಗಡಗಡ ಅದುರತೊಡಗಿತು. ಅವನು ಅದನ್ನು ನೋಡಿದ. ನಗು ನಿಂತುಹೋಯಿತು. "ಟೀ ಮಾಡ್ಕೊಂಡು ಬರ್ತೀನಿ" ಎಂದು ಎದ್ದು ಒಳಗೆ ಹೋದ.

ಐವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಅಲುಗುವ ಮುಳ್ಳನ್ನು ನಿಲ್ಲಿಸುವುದು. ಅಲುಗುವ ಮುಳ್ಳು ಕಂಡರೆ ಅದು ದೋಷ, ಅದನ್ನು ತೆಗೆಯಬೇಕು ಎನ್ನುವುದಷ್ಟೇ ನನ್ನ ಕೈಗೆ ಗೊತ್ತು. ಚೌಕದ ಕೆಳಗೆ ಡೆಡ್ ಝೋನ್ ಎಂಬ ಒಂದು ಪಟ್ಟಿ ಇತ್ತು. ಕೋಲು ನಡುವಿನಿಂದ ಇಷ್ಟು ದೂರ ಸರಿಯುವವರೆಗೆ ಅದನ್ನು ಗಮನಿಸಬೇಡ ಎಂದು ಹಡಗಿಗೆ ಹೇಳುವ ಏರ್ಪಾಡು ಅದು. ನಾನು ಅದನ್ನು ಸೊನ್ನೆಯಿಂದ ಕಾಲುಭಾಗದವರೆಗೆ ಎಳೆದೆ. ಕೋಲನ್ನು ಹಿಡಿದು ಅವನ ಹಾಗೆ ಕೈ ನಡುಗಿಸಿ ನೋಡಿದೆ. ಗುರುತು ಕದಲಲಿಲ್ಲ. ಒಳ್ಳೆಯ ಕೆಲಸವಾಯಿತು ಎಂದುಕೊಂಡೆ. ದೇವರಿಗೆ ಕೃತಜ್ಞತೆಯನ್ನೂ ಹೇಳಿದೆ.

ತಮ್ಮ ಲೋಟಗಳನ್ನು ಕೆಳಗಿಟ್ಟು ಕೂತು ಕೋಲು ಹಿಡಿದ. ಗುರುತು ಕಲ್ಲಿನಂತೆ ನಿಂತಿತ್ತು. ಅವನು ಅದನ್ನು ನೋಡಿದ, ಕೈಯನ್ನು ನೋಡಿದ, ಮತ್ತೆ ಅದನ್ನು ನೋಡಿದ.

"ಅಣ್ಣ! ನಿಂತಿದೆ! ಕೋಲು ಹಿಡಿದ್ರೆ ಕೈ ನಿಲ್ಲುತ್ತೆ ನೋಡೋ!"

ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನು ಹೇಳಲಿಲ್ಲ. ಆ ಮುಖ ನೋಡಿ ಹೇಗೆ ಹೇಳಲಿ? "ನಿಲ್ಲದೆ ಏನೋ, ಮೂವತ್ತೊಂದು ವರ್ಷದ ಕೈ" ಎಂದೆ. ದೇವರ ಮುಂದೆ ಸುಳ್ಳಾಡದೆ ಬದುಕಿದ್ದೇನೆ ಎಂದು ಹೆಮ್ಮೆಪಡುತ್ತಿದ್ದವನು ನಾನು.

ಅವನು ಎರಡು ತಿಂಗಳು ಆಡಿದ. ನಿಲ್ದಾಣದಿಂದ ನಿಲ್ದಾಣಕ್ಕೆ ಸಾಮಾನು ಸಾಗಿಸಿದ. ಬಾಗಿಲ ಮುಂದೆ ಬಂದಾಗ ಮಾತ್ರ ಪ್ರತಿ ಸಲವೂ ತಪ್ಪುತ್ತಿತ್ತು. ಅವನು ಕೂದಲೆಳೆಯಷ್ಟು ಸರಿಸುತ್ತಿದ್ದ, ಹಡಗು ಕದಲುತ್ತಿರಲಿಲ್ಲ. ಇನ್ನಷ್ಟು ಸರಿಸುತ್ತಿದ್ದ, ಆಗಲೂ ಇಲ್ಲ. ಮತ್ತಷ್ಟು ಸರಿಸಿದಾಗ ಹಡಗು ತಟಕ್ಕನೆ ಹಾರಿ ಬಾಗಿಲ ಅಂಚಿಗೆ ಬಡಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ಒಂದೆರಡು ಸಲ ಕಣ್ಣಾರೆ ಕಂಡೆ. ಕಾರಣ ನನಗೆ ಹೊಳೆಯಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಹೊಳೆದಿತ್ತು. ಪಟ್ಟಿಯನ್ನು ಹಿಂದಕ್ಕೆಳೆದರೆ ಗುರುತು ಮತ್ತೆ ಅದುರುತ್ತದೆ, ಕೈ ನಿಂತಿಲ್ಲವೆಂದು ಅವನಿಗೆ ಗೊತ್ತಾಗುತ್ತದೆ, ನಾನು ಆಡಿದ ಸುಳ್ಳೂ ಗೊತ್ತಾಗುತ್ತದೆ. ಅಭ್ಯಾಸವಾದರೆ ಸರಿಹೋದೀತು ಎಂದು ಸುಮ್ಮನಿದ್ದೆ.

ಆಮೇಲೆ ಒಂದು ಸಂಜೆ ಹೋದಾಗ ಕುರ್ಚಿಯ ಮೇಲೆ ಟವೆಲು ಹೊದಿಸಿತ್ತು.

"ಯಾಕೋ, ಹಡಗು ರಿಪೇರಿಗೆ ಹೋಯ್ತಾ?" ಎಂದೆ.

"ಇಲ್ಲ ಅಣ್ಣ. ಕೋಲು ಚೆನ್ನಾಗಿದೆ, ನೀನು ಚೆನ್ನಾಗಿ ಕೂರಿಸಿದ್ದೀಯ. ಕೈ ನಿಂತಿದೆ ನಿಜ, ಆದ್ರೆ ಕೈಯೊಳಗಿನದ್ದು ಹೋಗ್ಬಿಟ್ಟಿದೆ. ಮುಂಚೆ ಹೊರೆ ಏನು ಹೇಳ್ತಿತ್ತೋ ಕೈಗೆ ತಿಳೀತಿತ್ತು. ಈಗ ಏನೂ ತಿಳಿಯೋಲ್ಲ. ಅವರು ನನ್ನ ಕೆಳಗಿಳಿಸಿದ್ದು ಸರಿಯಾಗೇ ಇತ್ತು."

ಬಾಯಿ ತೆರೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುವುದಿರಲಿಲ್ಲ. "ಹೋಗ್ಲಿ ಬಿಡೋ" ಎಂದೆ. ಬೇರೆ ಮಾತು ತೆಗೆದೆ. ಇಂದು ಹೇಳೋಣ, ನಾಳೆ ಹೇಳೋಣ ಎನ್ನುವುದರಲ್ಲಿ ಏಳು ತಿಂಗಳು ಕಳೆಯಿತು. ಆಮೇಲೆ ಆ ಮಂಗಳವಾರ ಬಂತು.

ಅವನು ಹೋಗಿ ಮೂರು ವಾರವಾಗಿತ್ತು. ಮಗಳಿಗೆ ಅಂದು ರಜೆ, ಮಧ್ಯಾಹ್ನ ಬಾ ಎಂದಿದ್ದಳು. ಅವನ ಅಂಗಿಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದೆವು. ಕುರ್ಚಿಯ ಸರದಿ ಬಂತು. ಅವಳು ಟವೆಲನ್ನು ತೆಗೆದು ಮಡಿಸಲು ಹೋಗಿ, ಹಾಗೇ ಹಿಡಿದುಕೊಂಡು ನಿಂತಳು.

"ದೊಡ್ಡಪ್ಪ, ಅಪ್ಪ ಆಟ ನಿಲ್ಲಿಸಿದ್ದು ನನ್ನಿಂದ."

"ಏನು ಮಾತು ಮಗಳೇ?"

"ಹೌದು. ಒಂದಿನ ಡ್ಯೂಟಿ ಮುಗಿಸಿ ಸುಸ್ತಾಗಿ ಬಂದೆ. ಡಾಕ್ಟರು ಹೇಳಿದ ವ್ಯಾಯಾಮ ಮಾಡಿರ್ಲಿಲ್ಲ, ಬೆಳಗಿಂದ ಇಲ್ಲೇ ಕೂತಿದ್ರು. 'ಬರೀ ಇದೇ ಆಯ್ತಲ್ಲ ನಿಮ್ದು, ಚಿಕ್ಕ ಮಕ್ಳ ಹಾಗೆ' ಅಂತ ರೇಗಿದೆ. ಮಾರನೇ ದಿನದಿಂದ ಮುಟ್ಲಿಲ್ಲ. ಆಮೇಲೆ ಮಂಚ ಬಿಟ್ಟು ಎದ್ದಿದ್ದೇ ಕಮ್ಮಿ. ಬಸ್ಸು ಓಡಿಸುವಾಗ್ಲೂ ಅದೇ ನೆನಪಾಗುತ್ತೆ ದೊಡ್ಡಪ್ಪ. ಆ ಒಂದು ಮಾತು ಆಡದೇ ಇದ್ದಿದ್ರೆ..."

ಅವಳ ಕೈಯಲ್ಲಿ ಟವೆಲು ಮುದ್ದೆಯಾಗಿತ್ತು. ನನ್ನ ತಪ್ಪಿನ ಹೊರೆಯನ್ನು ಈ ಮಗು ತನ್ನದೆಂದು ಹೊತ್ತು ತಿರುಗುತ್ತಿತ್ತು. ತಮ್ಮನ ವಿಷಯದಲ್ಲಿ ಸುಮ್ಮನಿದ್ದದ್ದಕ್ಕೆ ನಾನು ಸಾವಿರ ಕಾರಣ ಹೇಳಿಕೊಂಡಿದ್ದೆ. ಇವಳ ಮುಂದೆ ಸುಮ್ಮನಿರಲು ಒಂದು ಕಾರಣವೂ ಸಿಗಲಿಲ್ಲ.

"ಕಂಪ್ಯೂಟರು ಹಾಕು" ಎಂದೆ.

ಎಲ್ಲವನ್ನೂ ಹೇಳಿದೆ. ಟೀ ಮಾಡಲು ಅವನು ಒಳಗೆ ಹೋದದ್ದು, ನಾನು ಎಳೆದದ್ದು, ಅವನು ಕೂಗಿದ್ದು. ಹೇಳುತ್ತ ಪಟ್ಟಿಯನ್ನು ತೆರೆದು ತೋರಿಸಿದೆ. ನಾನು ಇಟ್ಟಲ್ಲೇ ಇತ್ತು. ಅವನಿಗೆ ಅದರ ಇರವೇ ತಿಳಿದಿರಲಿಲ್ಲ. ಅಣ್ಣ ಕೂರಿಸಿದ್ದರಲ್ಲಿ ತಪ್ಪು ಹುಡುಕುವುದು ಅವನಿಗೆ ತೋಚಿರಲಿಕ್ಕೂ ಇಲ್ಲ.

ಅವಳು ತಾನೇ ಅದನ್ನು ಸೊನ್ನೆಗೆ ಎಳೆದು ಕುರ್ಚಿಯಲ್ಲಿ ಕೂತಳು.

"ಅಪ್ಪನ ಹಾಗೆ ನಡುಗಿಸ್ತೀನಿ. ನನಗೆ ಗೊತ್ತು. ದಿನಾ ಅಂಗಿ ಗುಂಡಿ ಹಾಕ್ತಿದ್ದೋಳು ನಾನೇ."

ಅವಳ ಕೈ ಅದುರತೊಡಗಿತು. ಥೇಟ್ ಅದೇ ಲಯ, ಹೆಬ್ಬೆರಳು ತೋರುಬೆರಳಿಗೆ ಉಜ್ಜಿದಂತೆ. ಚೌಕದೊಳಗೆ ಗುರುತು ಗಡಗಡ ಕುಣಿಯಿತು. ನನಗೆ ನೋಡಲಾಗಲಿಲ್ಲ. ಹಾಗೆಯೇ ನಡುಗುವ ಕೈಯಲ್ಲೇ ಅವಳು ಆಟ ತೆರೆದಳು. ತಮ್ಮನ ಭಾರದ ಹಡಗು ನಿಲ್ದಾಣದ ಮುಂದೆ ನಿಂತಿತ್ತು. ಎಡಗೈಯಿಂದ ಸ್ವಲ್ಪವೇ ವೇಗ ಕೊಟ್ಟು ಬಾಗಿಲ ಕಡೆ ತಿರುಗಿಸಿದಳು.

ಹಡಗು ನಡುಗಲಿಲ್ಲ.

ಕೋಲು ಅದುರುತ್ತಿತ್ತು, ಹಡಗು ಮಾತ್ರ ಗಂಭೀರವಾಗಿ ಸಾಗುತ್ತಿತ್ತು. ಅಷ್ಟು ದೊಡ್ಡ ಹಡಗು ಒಂದು ಅದುರಿಗೆ ಓಗೊಡುವಷ್ಟರಲ್ಲಿ ಅದಕ್ಕೆ ಎದುರಾದ ಇನ್ನೊಂದು ಅದುರು ಬಂದು ಎರಡೂ ಕಳೆದುಹೋಗುತ್ತಿದ್ದವು. ನಡುಕದ ಒಳಗಿದ್ದ ನಿಜವಾದ ಚಲನೆಯನ್ನು ಮಾತ್ರ ಅದು ಕೇಳುತ್ತಿತ್ತು. ಕ್ರೇನಿನ ಹಗ್ಗಕ್ಕೆ ನೇತುಬಿದ್ದ ಹೊರೆಯೂ ಹಾಗೆಯೇ ಅಲ್ಲವೇ? ತಮ್ಮನನ್ನು ಒಂದು ಮಾತು ಕೇಳಿದ್ದರೆ ಅವನೇ ಹೇಳುತ್ತಿದ್ದ. ನಿಲ್ಲಿಸಬೇಕಾದದ್ದು ಏನೂ ಇರಲೇ ಇಲ್ಲ. ಅವನು ಆರಿಸಿ ತಂದ ನಿಯತ್ತಿನ ಕೋಲನ್ನು ಕಿವುಡು ಮಾಡಿದವನು ನಾನು.

ಮೊದಲ ಸಲ ಅವಳು ಬಾಗಿಲಿಗೆ ಓರೆಯಾಗಿ ಹೋದಳು. ಹಿಂದೆ ಸರಿದಳು. ಎರಡನೆಯ ಸಲ ಹಡಗು ಒಳಗೆ ಹೋಯಿತು. ಅವಳು ಟ್ರಿಗರು ಒತ್ತಿದಳು, ಹಡಗಿನ ಕಾಲುಗಳು ಇಳಿದವು. ಇನ್ನೂ ನಡುಗಿಸುತ್ತಲೇ ಇದ್ದಳು. ಹಡಗು ಕಟ್ಟೆಯ ಮೇಲೆ ಕೂತದ್ದು ಅದರ ದೀಪ ಹಸಿರಾದಾಗಲೇ ನನಗೆ ತಿಳಿದದ್ದು.

ಅವಳು ಕೋಲು ಬಿಟ್ಟು ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ಆಗ್ತಿತ್ತು," ಎಂದಳು. "ಅಪ್ಪನ ಕೈಲಿ ಆಗ್ತಿತ್ತು ದೊಡ್ಡಪ್ಪ."

"ಹೌದಮ್ಮ."

"ಏಳು ತಿಂಗ್ಳು. ವಾರಕ್ಕೆ ಎರಡು ಸಲ ಬರ್ತಿದ್ರಿ. ಇಲ್ಲೇ ಕೂತು ಟೀ ಕುಡೀತಿದ್ರಿ."

"ಹೌದು."

"ಹೇಳ್ಬೇಕಿತ್ತು."

"ಹೇಳ್ಬೇಕಿತ್ತು. ನೀನು ಆಡಿದ ಮಾತಿನಿಂದ ಅವನು ಬಿಟ್ಟಿದ್ದಲ್ಲ ಮಗಳೇ. ನೀನು ಬೈದದ್ದನ್ನ ಅವನು ನನಗೆ ಹೇಳ್ಲೇ ಇಲ್ಲ. ಕೈ ಹೋಯ್ತು ಅಂತಷ್ಟೇ ಹೇಳಿದ. ಆ ಮಾತು ಅವನ ತಲೇಲಿ ಹಾಕಿದ್ದು ನಾನು."

ಅವಳು ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಾದದ್ದು ಅವಳನ್ನಲ್ಲ, ತಮ್ಮನನ್ನು. ಅವಳು ಮುಖ ತೊಳೆದುಕೊಂಡು ಬಂದು ಮತ್ತೆ ಅಂಗಿಗಳ ಮುಂದೆ ಕೂತಳು. ಎರಡು ಅಂಗಿ ಮಡಿಸಿದ ಮೇಲೆ, "ಕುರ್ಚಿ ಯಾರಿಗೂ ಕೊಡೋಲ್ಲ" ಎಂದಳು. ಇನ್ನೂ ಒಂದು ಮಡಿಸಿದ ಮೇಲೆ, "ಊಟ ಮಾಡ್ಕೊಂಡೇ ಹೋಗಿ" ಎಂದಳು. ಅವಳ ದನಿಯಲ್ಲಿ ಮೂರು ವಾರದಿಂದ ಇದ್ದ ಬಿಗಿ ಕಡಿಮೆಯಾಗಿತ್ತು. ಆ ಭಾರ ನನ್ನ ಮೇಲೆ ಬಂದಿತ್ತು. ಅದು ಇರಬೇಕಾದ ಜಾಗವೂ ಅದೇ.

ಆ ಸಂಜೆ ಪ್ರಾರ್ಥನೆಗೆ ಕೂತಾಗ, ಇಷ್ಟು ವರ್ಷ ಹೇಳಿಕೊಂಡು ಬಂದ ಮಾತುಗಳು ಬಾಯಿಗೆ ಬರಲಿಲ್ಲ. ಇಷ್ಟು ಮಾತ್ರ ಹೇಳಿದೆ.

ದಯಾಮಯನೇ, ನನ್ನ ತಮ್ಮ ನಿನ್ನ ಬಳಿ ಬಂದಿದ್ದಾನೆ. ಕೆಲಸ ಬಲ್ಲವನು, ಯಾರಿಗೂ ನೋವು ತಾಗದಂತೆ ಹೊರೆ ಇಳಿಸಿದವನು. ತನ್ನ ಕೈ ಸೋತಿತೆಂದು ನಂಬಿಕೊಂಡು ಹೋದ. ಅದು ಸೋತಿರಲಿಲ್ಲ. ನಾನು ಹೇಳದೆ ಉಳಿಸಿದ ಆ ಮಾತನ್ನು ನೀನು ಅವನಿಗೆ ತಿಳಿಸು. ನನ್ನನ್ನು ಶಿಕ್ಷಿಸುವುದಾದರೆ ಶಿಕ್ಷಿಸು, ಅವನಿಗೆ ಮಾತ್ರ ನೆಮ್ಮದಿ ಕೊಡು. ಅವನ ಆತ್ಮ ನಿನ್ನಲ್ಲಿ ಶಾಂತವಾಗಿರಲಿ.